ಬ್ಯಾಟರಿ ಇಲ್ಲದೆ ಕೂಗಿದ ಬಜರ್

ಪವಾಡ, ಗಾಳಿ, ಪೀಡೆ ಇವೆಲ್ಲ ನನ್ನ ಮಟ್ಟಿಗೆ ಬರೀ ಬೊಗಳೆ. ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವಳು ನಾನು. ದೀಪ ಹತ್ತಿದೆಯೆಂದರೆ ಎಲ್ಲಿಂದಲೋ ಕರೆಂಟು ಬಂದಿರಲೇಬೇಕು ಎಂದು ನಂಬಿದವಳು. ಇವತ್ತೂ ಅದನ್ನೇ ನಂಬುತ್ತೇನೆ. ಹಾಗಿದ್ದೂ ಅತ್ತೆಯ ಜೀವ ಉಳಿದ ಆ ಮಧ್ಯಾಹ್ನದ ಬಗ್ಗೆ ಬರೆಯಲು ಕೂತಿದ್ದೇನೆ. ನಗುವವರು ನಗಲಿ, ನನಗೇನೂ ಬೇಜಾರಿಲ್ಲ.

ಎರಡು ಸಾವಿರದ ದಶಕದ ನಡುವಿನ ಮಾತು. ಆಗ ನಾವು ದೇಶದಾಚೆ, ಪಾಮರ್ಸ್ಟನ್ ನಾರ್ತ್ ಎಂಬ ಊರಿನಲ್ಲಿದ್ದೆವು. ಜರ್ಮನಿಯಿಂದ ಬಂದ ಹಳೆಯ ಮೋಟರ್‌ಹೋಮ್ ಒಂದನ್ನು ಕೊಂಡಿದ್ದೆವು. ಒಳಗೇ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಎಲ್ಲ ಇದ್ದ ದೊಡ್ಡ ವ್ಯಾನು ಅದು. ಬಾಗಿಲ ಮೇಲೆ ಅದರ ಕಂಟ್ರೋಲ್ ಪ್ಯಾನಲ್. ಸ್ವಿಚ್ಚುಗಳ ಹೆಸರೆಲ್ಲ ಜರ್ಮನ್ ಭಾಷೆಯಲ್ಲಿ, ಅದೂ ಅರ್ಧ ಅಳಿಸಿಹೋಗಿತ್ತು. ನೋಡಲು ಬಂದ ಎಲೆಕ್ಟ್ರಿಷಿಯನ್ ಇದನ್ನು ಕಿತ್ತುಹಾಕಿ ಹೊಸದು ಕೂರಿಸಿ ಎಂದ. ನನ್ನ ಗಂಡ ಸುರೇಶ ಇನ್ನೂ ಒಂದು ಕೈ ಮೇಲೆ: "ವ್ಯಾನನ್ನೇ ಮಾರಿಬಿಡೋಣ ಕಣೇ, ಯಾಕೆ ಬೇಕು ಈ ತಲೆನೋವು?"

ನನಗೆ ಹಟ ಹತ್ತಿತು. ವೀಕೆಂಡುಗಳೆಲ್ಲ ಮಂಡಿಯೂರಿ ಒಂದೊಂದೇ ವೈರಿನ ಜಾಡು ಹಿಡಿದು ಹೋದೆ. ಇದು ಪಂಪು, ಇದು ದೀಪ, ಇದು ಫ್ರಿಜ್ಜು, ಇದು ಗ್ಯಾಸ್ ಸೋರಿದರೆ ಕೂಗುವ ಬಜರ್. ಎಲ್ಲದಕ್ಕೂ ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದೆ. ಆ ಪ್ಯಾನಲಿನಲ್ಲಿ ನನಗೆ ತಿಳಿಯದ ವೈರು ಒಂದೂ ಉಳಿಯಲಿಲ್ಲ. ಜಂಬ ಅನ್ನಿ ಬೇಕಾದರೆ.

ಆ ವರ್ಷ ಅತ್ತೆ ಮೈಸೂರಿನಿಂದ ಬಂದಿದ್ದಾಗ ಆಯುಧಪೂಜೆ ಬಂತು. "ನಾಳೆ ಯಂತ್ರಕ್ಕೆಲ್ಲ ರಜಾ ಕಣಮ್ಮ, ಎಲ್ಲಾ ಒರೆಸಿ ಪೂಜೆಗಿಡು" ಎಂದರು. ನಾನು ವ್ಯಾನಿನ ಎರಡೂ ಬ್ಯಾಟರಿಗಳನ್ನು ಹಿಂದಿನ ದಿನವೇ ಬಿಚ್ಚಿ, ಒರೆಸಿ, ಸ್ಪ್ಯಾನರು, ಮಲ್ಟಿಮೀಟರುಗಳ ಜೊತೆ ಗ್ಯಾರೇಜಿನಲ್ಲಿ ಸಾಲಾಗಿಟ್ಟಿದ್ದೆ. ಬೆಳಿಗ್ಗೆ ಹೂ ಏರಿಸಿದೆವು. ಮನೆಯಿಂದ ಕರೆಂಟು ಕೊಡುವ ಕೇಬಲ್ಲೂ ಸುತ್ತಿ ಅಲ್ಲೇ ಇತ್ತು. ಅತ್ತೆ ಪ್ಯಾನಲಿಗೂ ಕುಂಕುಮ ಹಚ್ಚಿದರು. ಬ್ಯಾಟರಿ ಇಲ್ಲದೆ ಬಜರ್ ಕೂಗಲಾರದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಹೋಳಿಗೆ ಊಟ ಮುಗಿಸಿ ಅತ್ತೆ ವ್ಯಾನಿಗೆ ಹೋದರು. ಅಲ್ಲಿ ಅಡ್ಡಾಗುವುದೆಂದರೆ ಅವರಿಗೆ ಬಲು ಇಷ್ಟ. ಹೊರಗೆ ಗಾಳಿ ಜೋರಾಗಿತ್ತೆಂದು ಕಿಟಕಿ ಮುಚ್ಚಿ, ಕಾಫಿಗೆ ಹಾಲಿಟ್ಟು, ಹಾಗೇ ನಿದ್ದೆಹೋಗಿದ್ದಾರೆ. ಹಾಲು ಉಕ್ಕಿ ಒಲೆ ಆರಿದೆ. ಗ್ಯಾಸ್ ಮಾತ್ರ ಬರುತ್ತಲೇ ಇದೆ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ನನಗೆ ಬಜರ್ ಕೇಳಿಸಿತು. ಸುರೇಶನಿಗೂ ಕೇಳಿಸಿತು. ಯೋಚನೆ ಮಾಡದೆ ಓಡಿದೆ. ಬಾಗಿಲು ತೆಗೆದರೆ ವಾಸನೆ ಮುಖಕ್ಕೆ ರಾಚಿತು. ಒಲೆಯ ತಿರುಪು ಮುಚ್ಚಿ, ಅತ್ತೆಯ ರಟ್ಟೆ ಹಿಡಿದು ಹೊರಗೆ ಹುಲ್ಲಿನ ಮೇಲೆ ಎಳೆತಂದೆ. "ಏನಾಯ್ತೇ, ಹಾಲು ಉಕ್ಕಿತಾ?" ಎಂದು ಅವರು ಮಂಪರಿನಲ್ಲೇ ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ.

ಆಗ ತಿರುಗಿ ನೋಡಿದೆ. ಪ್ಯಾನಲಿನ ಕೆಂಪು ದೀಪ ಉರಿಯುತ್ತಿತ್ತು, ಬಜರ್ ಇನ್ನೂ ಕೂಗುತ್ತಿತ್ತು. ಬ್ಯಾಟರಿ ಬಿಚ್ಚಿಟ್ಟಿದ್ದು ಆಗ ನೆನಪಾಯಿತು. ಗ್ಯಾರೇಜಿಗೆ ಓಡಿದೆ. ಬ್ಯಾಟರಿಗಳೆರಡೂ ಹೂವಿನಡಿ ಇಟ್ಟಲ್ಲೇ ಇದ್ದವು. ವಾಪಸು ಬರುವಷ್ಟರಲ್ಲಿ ವ್ಯಾನು ಸದ್ದಿಲ್ಲದೆ ನಿಂತಿತ್ತು.

ಸಾಕ್ಷಾತ್ ಚಾಮುಂಡಿಯೇ ಕಾಪಾಡಿದಳು ಎಂದರು ಗೆಳತಿಯರು. ಎಲ್ಲೋ ಚೂರು ಚಾರ್ಜ್ ಉಳಿದಿರಬೇಕು ಎಂದ ಸುರೇಶ. ಇಡೀ ಒಂದು ರಾತ್ರಿ ಚಾರ್ಜ್ ಹಿಡಿದಿಟ್ಟು ಬಜರ್ ಕೂಗಿಸುವಂಥದ್ದು ಆ ಪ್ಯಾನಲಿನಲ್ಲಿ ಏನೂ ಇಲ್ಲ, ಅದು ನನಗೆ ಗೊತ್ತು. ಆಮೇಲೆ ಕಿಟಕಿ ಬಾಗಿಲು ತೆರೆದಿಟ್ಟು, ಬ್ಯಾಟರಿ ಬಿಚ್ಚಿ, ಸೆನ್ಸರಿನ ಹತ್ತಿರ ಗ್ಯಾಸ್ ಬಿಟ್ಟು ಎಷ್ಟೋ ಸಲ ನೋಡಿದೆ. ತೆಪ್ಪಗಿರುತ್ತದೆ. ಆ ಪ್ಯಾನಲನ್ನು ಕೀಳಲು ಇವತ್ತಿಗೂ ಯಾರಿಗೂ ಬಿಟ್ಟಿಲ್ಲ.

ಅತ್ತೆ ಈಗಲೂ ಮೈಸೂರಿನಿಂದ ಫೋನ್ ಮಾಡಿದಾಗ ಕೆಣಕುತ್ತಾರೆ. "ದೇವಿ ಅಂತ ಒಪ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

"ಒಪ್ಪಲ್ಲ ಅತ್ತೆ. ಕಾರಣ ಇದ್ದೇ ಇರುತ್ತೆ, ಹುಡುಕ್ತೀನಿ."

"ಹೋಗೇ ಹಟಮಾರಿ" ಎಂದು ಜೋರಾಗಿ ನಗುತ್ತಾರೆ. ಆ ನಗು ಕೇಳಿ ಫೋನಿಟ್ಟ ಮೇಲೆ ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತದೆ. ಯಾರಿಗೆ ಎಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.