ಕಬ್ಬಿನ ಹಾಲಿಗೆ ಹಾಸದ ಅರಿವೆ

ಆ ವರ್ಷ ಚಿಗವ್ವನ ಉಳ್ಳಾಗಡ್ಡಿ ಬೀಜ ಜೊಳ್ಳಾದದ್ದು ಮೋಡ ಮುಚ್ಚಿದ್ದರಿಂದ ಎಂದು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಬಂದ ಬೀಗರಿಗೂ ಅದನ್ನೇ ಹೇಳುತ್ತಾರೆ, ಅವರೂ ತಲೆಯಾಡಿಸುತ್ತಾರೆ. ನಾನು ಒಪ್ಪುವುದಿಲ್ಲ. ಮೋಡಕ್ಕೆ ಬಾಯಿಲ್ಲ, ಅದರ ಮೇಲೆ ಏನು ಹೊರಿಸಿದರೂ ನಡೆಯುತ್ತದೆ.

ಎಂಬತ್ತರ ದಶಕದ ಮಾತು. ನಾನು ಜಮಖಂಡಿಯಲ್ಲಿ ಕಾಲೇಜು ಓದುತ್ತಿದ್ದೆ. ಅಪ್ಪನ ತಮ್ಮ, ನಮ್ಮ ಕಾಕಾ, ಲೋಕಾಪುರದ ಹತ್ತಿರ ಹೊಲದಲ್ಲೇ ಬೆಲ್ಲದ ಗಾಣ ನಡೆಸುತ್ತಿದ್ದರು. ಗಾಣದ ಪಕ್ಕದಲ್ಲೇ ಅವರ ಹೆಂಡತಿ ಚಿಗವ್ವ ನಾಲ್ಕು ಮಡಿ ಉಳ್ಳಾಗಡ್ಡಿಯನ್ನು ಬೀಜಕ್ಕೆಂದೇ ಬಿಡುತ್ತಿದ್ದಳು. ಅದು ಬೀಳಗಿ ಕಡೆಯ ತವರಿನಿಂದ ಅವಳು ತಂದ ತಳಿ. ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ಬಾರದಂಥದ್ದು. ತವರಿನವರು ಅದನ್ನು ಬೆಳೆಯುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಉಳ್ಳಾಗಡ್ಡಿ ಬೀಜ ಹಳೆಯದಾದರೆ ಮೊಳೆಯುವುದಿಲ್ಲ. ಒಂದು ಬೆಳೆ ತಪ್ಪಿದರೆ ತಳಿಯೇ ಹೋದಂತೆ.

ಹೂವಿನ ಗೊಂಡೆಗೆ ಜೇನುಹುಳ ಬಂದರೆ ಕಾಳು ಕಟ್ಟುತ್ತದೆ. ಆದರೆ ಹುಳವೆಲ್ಲ ಗಾಣದಲ್ಲಿದ್ದವು. ಕಬ್ಬಿನ ಹಾಲು ಬಂದು ಬೀಳುವ ತೊಟ್ಟಿಗೆ ಮುಗಿಬಿದ್ದು, ರೆಕ್ಕೆ ತೊಯ್ದು ಅಲ್ಲೇ ಸಾಯುತ್ತಿದ್ದವು. ಪಾಕ ನೋಡುವವನು ಕೊಪ್ಪರಿಗೆಯ ನೊರೆಯ ಜೊತೆ ಅವನ್ನೂ ಎತ್ತಿ ಬದಿಗೆ ಚೆಲ್ಲುತ್ತಿದ್ದ.

ಇನ್ನು ಮೋಡವಿದ್ದರೆ ಹುಳ ಹೂವಿಗೆ ಬರುವುದಿಲ್ಲ ಎಂಬ ವಾದ. ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ದಿನ ಗಾಣ ನಿಂತಿತ್ತು. ಮೋಡವಿದ್ದದ್ದು ಆ ಎರಡೇ ದಿನ, ಮತ್ತು ಆ ಎರಡು ದಿನವೂ ಗೊಂಡೆಗಳ ಮೇಲೆ ಹುಳ ಗುಂಯ್‌ಗುಡುತ್ತಿದ್ದವು. ಮೂರನೆಯ ದಿನ ಬಿಸಿಲು ಬಂತು, ಕರೆಂಟೂ ಬಂತು. ಗೊಂಡೆಗಳು ಖಾಲಿ. ಆಗ ಅಲ್ಲಿಗೆ ಬಂದಿದ್ದ ನಾನು ಮಡಿಯಲ್ಲೇ ನಿಂತು ನೋಡಿದವನು.

ತೊಟ್ಟಿಗೆ ಅರಿವೆ ಹಾಸಿದರೆ ಮುಗಿಯಿತು, ಅಷ್ಟೇ ಕೆಲಸ. ಬನಹಟ್ಟಿಯ ಒಂದು ಮಗ್ಗದ ಮನೆಯಲ್ಲಿ ಎಳೆ ತಪ್ಪಿದ ತೆಳು ಅರಿವೆ ಕೇಳಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.

"ಏನಲೇ ಅದು?" ಎಂದರು ಕಾಕಾ.

"ತೊಟ್ಟಿಗೆ ಹಾಸಾಕ್ರಿ. ಹುಳ ಸಾಯಾಕತ್ತಾವ."

"ಹುಳ ಬಂದ್ರ ಹಾಲು ಸಿಹಿ ಐತಿ ಅಂತ ಅರ್ಥ. ಸಪ್ಪನ ಹಾಲಿಗೆ ಬರತಾವೇನು?"

"ಬರೂದು ಬ್ಯಾರೆ ಕಾಕಾ, ಸಾಯೂದು ಬ್ಯಾರೆ. ಸಿಹಿ ಐತಿ ಅಂತ ಗೊತ್ತಾಗಾಕ ಒಂದ ಹುಳ ಸಾಕಲ್ರಿ, ಉಳಿದವು ಯಾಕ ಸಾಯಬೇಕು?"

ಗಾಣಕ್ಕೆ ಕಬ್ಬು ಕೊಡುತ್ತಿದ್ದ ಆಳುಗಳು ನಕ್ಕರು. ಒಬ್ಬ, "ಸಾವ್ಕಾರ್ರ, ನಿಮ್ಮ ಹುಡುಗ ವಕೀಲ ಆಗ್ತಾನ್ರಿ," ಎಂದ.

"ಆಗಲಿ. ಸದ್ಯಕ್ಕ ಹುಳಕ್ಕ ಸೀರಿ ಉಡಸಾಕ ಬಂದಾನ," ಎಂದು ಕಾಕಾ ಅರಿವೆ ಕಸಿದುಕೊಂಡು ಮೋಟಾರಿನ ಎಣ್ಣೆ ಒರೆಸಿದರು.

ಹಾಸ್ಟೆಲ್ಲಿಗೆ ಮರಳಿ ಬಹಳ ದಿನ ನನ್ನನ್ನೇ ಬೈದುಕೊಂಡೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯನ್ನು ನಾಲ್ಕು ಮಂದಿಯ ಮುಂದೆ ಬೀಳಿಸಿದರೆ ಬಹುಮಾನದ ಕಪ್ ಕೊಡುತ್ತಾರೆ. ಗಾಣದಲ್ಲಿ ಯಜಮಾನನನ್ನು ಆಳುಗಳ ಮುಂದೆ ಬೀಳಿಸಿದರೆ ಅವನು ಅರಿವೆ ಹಾಸುತ್ತಾನೆಯೇ? ಒಬ್ಬರೇ ಇದ್ದಾಗ, ಮೆತ್ತಗೆ ಹೇಳಬೇಕಿತ್ತು. ತಪ್ಪು ನನ್ನದೇ ಎಂದುಕೊಂಡೆ.

ಬೇಸಿಗೆ ರಜೆಗೆ ಹೋದಾಗ ಚಿಗವ್ವ ಗೊಂಡೆ ತಿಕ್ಕಿ ಕೇರಿ, ಬೀಜವನ್ನು ಬೋಗುಣಿಯ ನೀರಿಗೆ ಹಾಕಿದಳು. ಗಟ್ಟಿ ಕಾಳು ತಳಕ್ಕಿಳಿಯಬೇಕು. ಮೇಲೆ ಕಪ್ಪಗೆ ಹರಡಿ ನಿಂತವು ಬಿಟ್ಟರೆ ತಳದಲ್ಲಿ ಒಂದು ಹಿಡಿಯೂ ಇರಲಿಲ್ಲ. ಬೆರಳಿನಿಂದ ಮತ್ತೆ ಮತ್ತೆ ಅದ್ದಿ ನೋಡಿದಳು. ಅದ್ದಿದಷ್ಟೂ ತೇಲಿದವು.

"ಆತು. ಇನ್ನ ಮುಂದ ಅಂಗಡಿ ಬೀಜನ," ಎಂದಳು.

ಅಲ್ಲೇ ಪಡಸಾಲೆಯಲ್ಲಿ ಕಾಕಾ ಉಣ್ಣುತ್ತಿದ್ದರು. "ಮೋಡ ಮುಚ್ಚಿತ್ತಲ್ಲ, ಏನ್ಮಾಡೂದು," ಎಂದರು.

ನಾನು ದನಿ ತಗ್ಗಿಸಿ, "ತಪ್ಪು ನಂದು ಚಿಗವ್ವ. ಆಳುಗಳ ಮುಂದ ಹೇಳಬಾರದಿತ್ತು," ಎಂದೆ.

ಅವಳು ಬೋಗುಣಿಯಿಂದ ತಲೆ ಎತ್ತಲಿಲ್ಲ. "ನೀ ಹೇಳಿದ್ದು ಈ ವರ್ಷ. ನಾ ಮೂರ ವರ್ಷ ಆತು ಹೇಳಾಕತ್ತು, ವರ್ಷಾ ಕಾಳು ಕಡಿಮಿ ಆಗಾಕತ್ತಾವ ಅಂತ. ರೊಟ್ಟಿ ನೀಡುವಾಗ, ಇವರೊಬ್ಬರ ಇದ್ದಾಗ. ನನ್ನ ಹಳೀ ಸೀರೀನ ಹರದು ಕೊಡತೇನಿ ಅಂದಿದ್ದೆ."

ಕಾಕಾ ರೊಟ್ಟಿ ಮುರಿಯುತ್ತಲೇ ಇದ್ದರು. ನಾನು ಅವರ ಎದುರು ಹೋಗಿ ಕೂತೆ.

"ಕಾಕಾ, ನಾ ಕೇಳಿದ್ದು ಉದ್ಧಟತನ ಅನ್ನೂಣು. ಚಿಗವ್ವ ಕೇಳಿದಾಗ ಯಾಕ ಹಾಸಲಿಲ್ರಿ?"