ಮರಿಲಿಂಗಮ್ಮನ ನಾಲಿಗೆ

ಕಕ್ಕೇರಾದ ನಮ್ಮ ಓಣಿಯ ಮಠದಲ್ಲಿ ದೇವರ ಎಡೆ ಮಾಡುವವರು ಬಾಯಿ ಮೂಗುಗಳಿಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಒಲೆಯ ಮುಂದೆ ಕೂಡಬೇಕು. ದೇವರಿಗೆ ಅರ್ಪಿಸುವ ಮೊದಲು ಅಡುಗೆಯ ರುಚಿ ನೋಡಬಾರದು, ಅದರ ಪರಿಮಳವನ್ನು ಬಯಸಿ ಮೂಸಲೂಬಾರದು ಎಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಆ ಒಲೆಯ ಮುಂದೆ ಇಪ್ಪತ್ತೆರಡು ವರ್ಷ ಕುಳಿತವಳು ಮರಿಲಿಂಗಮ್ಮ. ಬಯಸದಿದ್ದರೂ ಬಟ್ಟೆಯೊಳಗಿಂದ ನುಸುಳಿ ಬರುವ ವಾಸನೆ ಇರುತ್ತದಲ್ಲ, ಅದೇ ಆಕೆಗೆ ಗುರುತು. ಬೇಳೆ ಬೆಂದದ್ದು, ಹುಗ್ಗಿಯ ಬೆಲ್ಲ ಹದಕ್ಕೆ ಬಂದದ್ದು, ತಳ ಹಿಡಿಯಲು ಹವಣಿಸುತ್ತಿರುವುದು ಎಲ್ಲವೂ ಆಕೆಗೆ ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು.

ಆಕೆಯ ಗಂಡ ಹಣಮಂತ್ರಾಯ ಶಹಾಪುರದ ಹತ್ತಿ ಗಿರಣಿಯೊಂದರಲ್ಲಿ ಹಮಾಲಿ. ವಾರಕ್ಕೊಮ್ಮೆ ಬಸ್ಸು ಹಿಡಿದು ಊರಿಗೆ ಬರುತ್ತಾನೆ. ಮಕ್ಕಳಿಲ್ಲ. ಊರಿನಲ್ಲಿ ಆಕೆಯನ್ನು ಹೆಸರಿನಿಂದ ಕರೆಯುವವರು ಕಡಿಮೆ. ಎಲ್ಲರಿಗೂ ಆಕೆ ‘ಎಡಿ ಮಾಡಾಕಿ’. ಆ ಒಲೆಯೊಂದೇ ಆಕೆಯ ಮಾನ, ಆಕೆಯ ಮನೆತನ.

ಮೂರು ವರ್ಷಗಳ ಹಿಂದೆ ಒಂದು ಜ್ವರ ಬಂತು. ಹತ್ತು ದಿನಕ್ಕೆ ಇಳಿಯಿತು. ಇಳಿಯುವಾಗ ಆಕೆಯ ಮೂಗಿನ ವಾಸನೆಯನ್ನೂ ನಾಲಿಗೆಯ ರುಚಿಯನ್ನೂ ತೆಗೆದುಕೊಂಡು ಹೋಯಿತು. ಶಹಾಪುರದ ಡಾಕ್ಟರು ತಾನಾಗಿಯೇ ಬರುತ್ತದೆ, ಕಾಯಿರಿ ಎಂದರು. ಆಕೆ ಕಾದಳು, ಬರಲಿಲ್ಲ. ಆ ದಿನಗಳಲ್ಲಿ ತನಗೆ ಅಳುವೂ ಬರಲಿಲ್ಲವೆಂದು ಮುಂದೆ ನನಗೆ ಹೇಳಿದಳು. ಹಸಿವಾದರೆ ಉಣ್ಣುತ್ತಿದ್ದಳು, ಮೆತ್ತಗಿನದೊಂದು, ಗಟ್ಟಿಯದೊಂದು ಗಂಟಲಿಗಿಳಿಯುತ್ತಿತ್ತು, ಅಷ್ಟೇ. ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಅಂಗ ಊನವಾದವರ ಕೈಯ ಎಡೆ ದೇವರಿಗೆ ಸಲ್ಲದು ಎಂಬ ಮಾತು ಆ ಮಠದಲ್ಲಿ ಹಿಂದಿನಿಂದ ಬಂದಿದೆ. ಹೇಳಿದರೆ ಒಲೆ ಕೈತಪ್ಪುತ್ತಿತ್ತು. ಆದ್ದರಿಂದ ಸಾಸಿವೆಯ ಸದ್ದನ್ನು ಕೇಳಿ, ಬೆಲ್ಲದ ಪಾಕದ ಬಣ್ಣವನ್ನು ನೋಡಿ, ಉಪ್ಪನ್ನು ಅಂಗೈಯ ಗುಳಿಯಲ್ಲಿ ಅಳೆದು ಅಡುಗೆ ಮಾಡುವುದನ್ನು ಹೊಸದಾಗಿ ಕಲಿತಳು. ಎಡೆ ಎಂದೂ ಕೆಡಲಿಲ್ಲ.

ಹೋದ ಶ್ರಾವಣದಲ್ಲಿ ಆ ಮಠದಲ್ಲಿ ತಿಂಗಳ ಪ್ರವಚನ ಹೇಳುವ ಭಾಗ್ಯ ನನ್ನದಾಗಿತ್ತು. ಒಂದು ಸೋಮವಾರ ಪ್ರಸಾದದ ಪಂಕ್ತಿಗೆಂದು ಬೇರೆ ಒಲೆಯಲ್ಲಿ ಪುಂಡಿಪಲ್ಯ ಮಾಡಿದ್ದ ಯಂಕಮ್ಮ, ಒಮ್ಮೆ ಹಾಕಿದ್ದನ್ನು ಮರೆತು ಎರಡನೆಯ ಸಲವೂ ಉಪ್ಪು ಹಾಕಿಬಿಟ್ಟಿದ್ದಳು. ಪಂಕ್ತಿಗೆ ಪಂಕ್ತಿಯೇ ಮುಖ ಹಿಂಡಿತು. ಪ್ರಸಾದವನ್ನು ಬಿಡುವಂತಿಲ್ಲ, ನುಂಗುವಂತೆಯೂ ಇಲ್ಲ. ನನ್ನ ಎದುರಿನ ಸಾಲಿನಲ್ಲಿದ್ದ ಮರಿಲಿಂಗಮ್ಮ ಮಾತ್ರ ತುತ್ತಿನ ಮೇಲೆ ತುತ್ತು ಉಣ್ಣುತ್ತಿದ್ದಳು. ಹುಬ್ಬು ಕೂಡ ಅಲುಗಲಿಲ್ಲ. ಇನ್ನಷ್ಟು ಬಡಿಸಿದಾಗಲೂ ಬೇಡವೆನ್ನಲಿಲ್ಲ.

ಅಂದು ಸಂಜೆಯ ನನ್ನ ಪ್ರವಚನದ ವಿಷಯ ಇಂದ್ರಿಯಗಳೇ ಆಗಿತ್ತು. ಮೂಗಿನಲ್ಲಿ ಆಚಾರಲಿಂಗವಿದೆ, ನಾಲಿಗೆಯಲ್ಲಿ ಗುರುಲಿಂಗವಿದೆ. ಪದಾರ್ಥವನ್ನು ತೋರಿಸಿದರೆ ಸಾಲದು, ಅದರ ಸುಖವನ್ನೂ ಆ ಲಿಂಗಕ್ಕೆ ಒಪ್ಪಿಸಿ ಪ್ರಸಾದವಾಗಿ ಮರಳಿ ಪಡೆಯಬೇಕು ಎಂದು ಹೇಳುತ್ತ ಹೇಳುತ್ತ ನನಗೆ ಮೈದುಂಬಿ ಬಂತು. ಹಾಗೆ ಒಪ್ಪಿಸಿದ ಜೀವವನ್ನು ಮಧ್ಯಾಹ್ನ ಕಣ್ಣಾರೆ ಕಂಡೆ, ಆಕೆಗೆ ಉಪ್ಪೂ ಬೆಲ್ಲವೂ ಒಂದೇ ಎಂದು ಹೆಸರು ಹಿಡಿದು ಸಾರಿದೆ. ಸಭೆ ಕೈಮುಗಿಯಿತು.

ಮರುದಿನದಿಂದ ಹೆಂಗಸರು ಆಕೆಯ ಪಾದ ಮುಟ್ಟತೊಡಗಿದರು. ಸಾರು ಸಪ್ಪೆಯೆಂದು ಗೊಣಗುವ ಗಂಡಸರಿಗೆ ಮನೆಮನೆಯಲ್ಲೂ ಆಕೆಯದೇ ಉದಾಹರಣೆ. ಮಠದ ಹಿರಿಯ ಭೀಮೇಶ ಶ್ರಾವಣದ ಕಡೆಯ ದಿನ ಆಕೆಗೆ ಶಾಲು ಹೊದಿಸಬೇಕೆಂದು ಗೊತ್ತುಮಾಡಿದ.

ಅದಕ್ಕೆ ಎರಡು ದಿನ ಮೊದಲು, ಬೆಳಗಿನ ಪೂಜೆ ಮುಗಿದ ಮೇಲೆ, ಆಕೆ ನನ್ನ ಬಳಿ ಬಂದು ನಿಂತಳು.

“ಶರಣ್ರ, ನಾ ನಾಲಿಗಿ ಗೆದ್ದಿಲ್ರಿ. ನನ್ನ ನಾಲಿಗಿ ಸತ್ತದ್ರಿ.”

ಜ್ವರದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಬೇರೆ ಯಾರದೋ ಸುದ್ದಿ ಹೇಳುವಂತಿತ್ತು ಆ ದನಿ. ಆಗ ನಾನು ಹೇಳಿದ್ದನ್ನು ಬಚ್ಚಿಡಬಾರದು. ಊರಿಗೆ ಇದರಿಂದ ಒಳಿತೇ ಆಗಿದೆ ತಾಯಿ, ಸುಮ್ಮನಿದ್ದುಬಿಡಿರಿ. ಹೇಳಿದರೆ ಒಲೆಯೂ ಹೋದೀತು ಎಂದೆ.

ಆಕೆ ಒಪ್ಪಲಿಲ್ಲ. “ಕಳಕೊಂಡದ್ದನ್ನ ಕೊಟ್ಟೀನಂತ ಹ್ಯಾಂಗ ಹೇಳಲ್ರಿ? ಎಮ್ಮಿ ಕಳುವಾದಾಕಿ ದಾನ ಮಾಡೀನಂತ ಶಾಲು ಹೊದಿಸಿಕೊಂಡಂಗ ಆಗ್ತದ.”

ಇದ್ದುದನ್ನು ಒಪ್ಪಿಸುವುದು ಅರ್ಪಣೆ. ಇಲ್ಲವಾದದ್ದು ಬರಿಯ ಇಲ್ಲವೇ. ಇಷ್ಟು ವರ್ಷ ಬಾಯಲ್ಲಿ ಹೇಳುತ್ತ ಬಂದ ಈ ಭೇದವನ್ನು ಅಕ್ಷರ ಬಾರದ ಆ ತಾಯಿ ನನಗೆ ತಿಳಿಸಿಕೊಟ್ಟಳು.

ಕಡೆಯ ದಿನ ಶಾಲು ಬಿಚ್ಚುವ ಮೊದಲೇ ಆಕೆ ಎದ್ದು ನಿಂತು ಸಭೆಗೂ ಅದನ್ನೇ ಹೇಳಿದಳು. ನಾನೂ ಎದ್ದು, ಕಂಡದ್ದನ್ನು ತಿಳಿಯದೆ ಸಾರಿದ ತಪ್ಪು ನನ್ನದೆಂದು ಕೈಮುಗಿದೆ. ಭೀಮೇಶ ಶಾಲು ಹಿಡಿದುಕೊಂಡು ಹಾಗೆಯೇ ನಿಂತ. ಗುಸುಗುಸು ಎದ್ದಿತು. ಆಗ ಯಂಕಮ್ಮ ಕುಳಿತಲ್ಲಿಂದಲೇ ಮಾತಾಡಿದಳು.

“ಎಡಿ ಮೂಸಬಾರ್ದು ಅಂತ ಕಟ್ಟಳಿ ಹೇಳೋರು ನೀವ ಅಲ್ಲೇನು ಭೀಮೇಶಣ್ಣ? ಹಂಗಾದ್ರ ಆಕಿಗಿ ವಾಸನಿ ಬಂದ್ರೇನು, ಬರದಿದ್ರೇನು? ನನ್ನ ಮೂಗು, ನಾಲಿಗಿ ಎರಡೂ ಸುದ್ದ ಅದಾವ. ಪುಂಡಿಪಲ್ಯ ಉಂಡೀರಲ್ಲ?”

ಜನ ನಕ್ಕರು. ಭೀಮೇಶನೂ ನಕ್ಕ, ಮಾತು ಸರಿಯಿದೆ, ಮರಿಲಿಂಗಮ್ಮನೇ ಮುಂದುವರಿಯಲಿ ಎಂಬಲ್ಲಿಗೆ ಬಂದ. ಒಲೆ ಉಳಿದೇಬಿಟ್ಟಿತು ಎಂದುಕೊಂಡೆ ನಾನು. ಆಕೆಯೇ ಬೇಡವೆಂದಳು.

“ವಾಸನಿ ಬರೋ ಮೂಗು ಮುಚ್ಚಿಕೊಂಡು ಕೂಡೋದು ಬ್ಯಾರೆ, ಯಂಕಮ್ಮ. ಮುಚ್ಚಿಕೊಳ್ಳಾಕ ನನ್ನಲ್ಲಿ ಏನೂ ಉಳಿದಿಲ್ಲವ್ವ. ಮೂರು ವರ್ಷ ದೇವರ ಮುಂದ ಸುಳ್ಳ ಕುಂತೀನಿ.”

ಮರುದಿನದಿಂದ ಎಡೆಯ ಒಲೆ ಯಂಕಮ್ಮನದಾಯಿತು. ಮರಿಲಿಂಗಮ್ಮ ಹಿತ್ತಲ ಛಪ್ಪರದಲ್ಲಿ ದಾಸೋಹಕ್ಕೆ ಜೋಳದ ರೊಟ್ಟಿ ಬಡಿಯುತ್ತಾಳೆ. ಅಲ್ಲಿ ಇನ್ನೂ ನಾಲ್ಕು ಜನರಿದ್ದಾರೆ. ಅವರ ನಡುವೆ ಆಕೆಯನ್ನು ಮರಿಲಿಂಗಮ್ಮ ಎಂದೇ ಕರೆಯುತ್ತಾರೆ.

ಮೊನ್ನೆ ಸುರಪುರದಿಂದ ಮರಳುವಾಗ ಮಠದ ಮುಂದೆ ಇಳಿದೆ. ಛಪ್ಪರದಲ್ಲಿ ಆಕೆಯ ಪಕ್ಕ ಕುಳಿತು, ಒಲೆ ಬಿಟ್ಟದ್ದಕ್ಕೆ ದುಃಖವಾಗಿದೆಯೇ ತಾಯಿ ಎಂದು ಕೇಳಿದೆ. ಸಮಾಧಾನ ಹೇಳಬೇಕೆಂದು ಒಂದಷ್ಟು ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೇ ಹೋಗಿದ್ದೆ.

ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ಹೊರಳಿಸಿ ಹಾಕಿದಳು.

“ದುಃಖ ಆಗಬೇಕಾಗಿತ್ತು ಅನ್ನಿಸ್ತದ್ರಿ, ಶರಣ್ರ. ಅದೂ ಆಗವಲ್ದು.”

ಜೋಡಿಸಿಕೊಂಡು ಹೋದ ಮಾತುಗಳಲ್ಲಿ ಒಂದನ್ನೂ ನಾನು ಆಡಲಿಲ್ಲ. ರೊಟ್ಟಿಗಳು ಮುಗಿಯುವವರೆಗೆ ಅಲ್ಲಿಯೇ ಕುಳಿತಿದ್ದೆ.