ಗಿರಿಜಮ್ಮನವರ ಮುಷ್ಟಿಯೊಳಗಿನ ಗಂಟು

ಮೊನ್ನೆ ನಂಜನಗೂಡಿನ ಪಾತ್ರೆ ಅಂಗಡಿಯೊಂದರಲ್ಲಿ ಸ್ಪಂಜು ಕೊಳ್ಳಲು ಹೋದವನು ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಹಿಸುಕುತ್ತ ನಿಂತುಬಿಟ್ಟೆ. ಅಂಗಡಿಯವನು ಗಾಬರಿಯಾಗಿ, "ಯಾಕ್ ಸಾ, ತಲೆ ಸುತ್ತುತಾ?" ಎಂದು ನೀರಿನ ಬಾಟಲಿ ಚಾಚಿದ. ಅವನಿಗೆ ಏನೆಂದು ಹೇಳಲಿ? ನಿಮಗಾದರೆ ಸಾವಧಾನವಾಗಿ ಹೇಳಬಹುದು.

ನಾನು ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿರುವವನು. ಭಾನುವಾರ ಮಾತ್ರ ಜಾದೂಗಾರ. ನಾಮಕರಣ, ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಕಪ್ಪು ಕೋಟು ತೊಟ್ಟು ಹಾಜರು. ಆ ಕೋಟಿನಲ್ಲಿ ನಾನು ಕೇಸಿಲ್ಲದ ವಕೀಲನಂತೆ ಕಾಣುತ್ತೇನೆ.

ಕೆಲವು ವರ್ಷಗಳ ಹಿಂದೆ ತಿ. ನರಸೀಪುರದಲ್ಲೊಂದು ಹುಟ್ಟುಹಬ್ಬ. ಮುಂದಿನ ಸಾಲಿನಲ್ಲಿ ಮಗುವಿನ ಅಜ್ಜಿ ಗಿರಿಜಮ್ಮ ಕೂತಿದ್ದರು. ಸಂಗೀತದ ಟೀಚರಾಗಿದ್ದವರು, ನಡುವಯಸ್ಸಿನಲ್ಲಿ ದೃಷ್ಟಿ ಪೂರ್ತಿ ಹೋಗಿತ್ತು. ಪಕ್ಕದಲ್ಲಿ ಅವರ ಯಜಮಾನರು ಮಾದಪ್ಪ ಮೇಷ್ಟ್ರು ಕಿವಿಯಲ್ಲಿ ವರದಿ ಒಪ್ಪಿಸುತ್ತಿದ್ದರು: "ಕರ್ಚೀಫು ಕೆಂಪಗಾಯ್ತು... ಈಗ ಹಸಿರು." ಎಲ್ಲರೂ ನಕ್ಕು ಮುಗಿಸಿದ ಮೇಲೆ ಗಿರಿಜಮ್ಮ ಒಬ್ಬರೇ ನಗುತ್ತಿದ್ದರು.

ಊಟದ ಹೊತ್ತಿಗೆ ಅವರೇ ಕರೆಸಿಕೊಂಡರು. "ಚೆನ್ನಾಗಿ ಮಾಡಿದ್ರಂತೆ ಕಣಪ್ಪಾ."

ಆ 'ಅಂತೆ' ಪಾಯಸದಲ್ಲಿ ಕಲ್ಲು ಸಿಕ್ಕಂತಾಯಿತು.

"ಮೇಷ್ಟ್ರು ಹೇಳಿ ಮುಗ್ಸೋದ್ರೊಳಗೆ ಚಪ್ಪಾಳೆ ಮುಗಿದಿರುತ್ತೆ. ಯಾರೂ ಹೇಳ್ದೇನೇ ನಂಗೆ ಗೊತ್ತಾಗೋ ಅಂಥದ್ದು ಒಂದೂ ಇಲ್ವಾ ನಿಮ್ ಹತ್ರ?"

ಇರಲಿಲ್ಲ. ಬರೀ ಕಣ್ಣಿಗೆ ಮಣ್ಣೆರಚುವ ವಿದ್ಯೆ ನನ್ನದು. ಬೆರಳಿಗೆ ಎರಚುವ ಮಣ್ಣು ಯಾವುದು? ಈ ಪ್ರಶ್ನೆ ತಲೆಗೆ ಹೊಕ್ಕಮೇಲೆ ಫ್ಯಾಕ್ಟರಿಯಲ್ಲೂ ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಕಣ್ಣು ಮುಚ್ಚಿ ಚಮಚ ತಡವುತ್ತಿದ್ದುದನ್ನು ಕಂಡವರು ನನಗೆ ಹಿಡಿದಿರಬಹುದಾದ ಕಾಯಿಲೆಗಳನ್ನು ತಮ್ಮ ತಮ್ಮಲ್ಲೇ ಚರ್ಚಿಸಿದರು. ಆ ಚಾಳಿ ಇನ್ನೂ ಬಿಟ್ಟಿಲ್ಲ.

ಮೊದಲು ಸ್ಪಂಜಿನ ಉಂಡೆಗಳನ್ನು ಅವರ ಮನೆಗೆ ಒಯ್ದೆ. ಎರಡನ್ನು ಒತ್ತಿಹಿಡಿದು ಗಿರಿಜಮ್ಮನವರ ಅಂಗೈಯಲ್ಲಿಟ್ಟು, "ಇದೊಂದು ಉಂಡೆ, ಬಿಗಿಯಾಗಿ ಹಿಡ್ಕೊಳ್ಳಿ" ಎಂದೆ.

"ಎರಡಿದೆಯಲ್ಲಪ್ಪಾ?"

ಮೇಷ್ಟ್ರು ನಕ್ಕ ರಭಸಕ್ಕೆ ಕಾಫಿ ಪಂಚೆಯ ಮೇಲೆ ಚೆಲ್ಲಿತು. ನಾನು ಚಕ್ಕುಲಿ ತಿಂದು ಬಸ್ಸು ಹತ್ತಿದೆ. ಆದರೂ ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಗಿತ್ತು. ಕಣ್ಣಾದರೆ ತೋರಿಸಿದ್ದನ್ನೆಲ್ಲ ನಂಬುತ್ತದೆ. ಬೆರಳು ಹಾಗಲ್ಲ, ಒತ್ತಿ, ಕೆರೆದು, ತಾನೇ ಪರೀಕ್ಷೆ ಮಾಡುತ್ತದೆ. ಹಾಗಾದರೆ ಆ ಪರೀಕ್ಷೆಯಲ್ಲೇ ಪಾಸಾಗುವಂಥದ್ದನ್ನು ಕೊಟ್ಟರೆ? ಮುಟ್ಟಿದರೆ ಗಟ್ಟಿ, ಎಳೆದರೆ ಮಾಯವಾಗುವ ಹಗ್ಗದ ಗಂಟೊಂದಿದೆ. ಅದನ್ನು ಕಣ್ಣು ಮುಚ್ಚಿಯೇ ಕಟ್ಟಿ ಕಟ್ಟಿ ಪಳಗಿಸಿದೆ. ಮತ್ತೆ ನರಸೀಪುರಕ್ಕೆ ಹೋದೆ.

ಜಗಲಿಯ ಮೇಲೆ ಕೂತ ಗಿರಿಜಮ್ಮ ಹಗ್ಗವನ್ನು ಉದ್ದಕ್ಕೂ ಸವರಿದರು, ಗಂಟನ್ನು ಉಗುರಿನಿಂದ ಮೀಟಿದರು. "ಹೂಂ, ಗಟ್ಟಿಯಾಗಿದೆ." ಅದರ ಮೇಲೆ ಮುಷ್ಟಿ ಬಿಗಿದರು. ನಾನು ಎರಡೂ ತುದಿ ಹಿಡಿದೆ.

"ನೀವು ಹೇಳಿದಾಗ ಎಳೀತೀನಿ."

ಅವರು ಮುಷ್ಟಿಯನ್ನು ಇನ್ನಷ್ಟು ಬಿಗಿದು, "ಎಳೀರಿ" ಎಂದರು.

ಎಳೆದೆ. ಗಿರಿಜಮ್ಮನವರ ಬಾಯಿ ಅರ್ಧ ತೆರೆಯಿತು. ಮುಷ್ಟಿ ಮಾತ್ರ ತೆರೆಯಲಿಲ್ಲ. ಒಳಗೆ ಹೆಬ್ಬೆರಳು ಹುಡುಕುತ್ತಿತ್ತು.

"ಏನಾಯ್ತು ಗಿರಿಜಾ?" ಮೇಷ್ಟ್ರು ಬಗ್ಗಿದರು. ಮುಚ್ಚಿದ ಕೈಯೊಳಗಿನದು ಅವರಿಗೆ ಹೇಗೆ ಕಂಡೀತು? "ಏನಾಯ್ತೇ? ಹೇಳೇ!"

"ಇರೀ ಅಂದ್ರೆ!"

ಗಿರಿಜಮ್ಮ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೇಷ್ಟ್ರು ಪಾಪ, ಒಮ್ಮೆ ಹೆಂಡತಿಯ ಮುಖ, ಒಮ್ಮೆ ನನ್ನ ಮುಖ ನೋಡುತ್ತ ಕಾದರು. ಸಾವಕಾಶವಾಗಿ ನಗು ಮುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡ ಮೇಲಷ್ಟೇ ಗಿರಿಜಮ್ಮ ಗಂಡನ ಕಿವಿಯ ಹತ್ತಿರ ಬಗ್ಗಿ, "ಗಂಟೇ ಇಲ್ಲಾ ಕಣ್ರೀ" ಎಂದರು.

ಆ ಗಂಟಿನ ಗುಟ್ಟಿಗಾಗಿ ಮೇಷ್ಟ್ರು ಇಂದಿಗೂ ಫೋನ್ ಮಾಡುತ್ತಾರೆ. ನಿನ್ನೆ ಅವರ ಕಾಟ ತಡೆಯಲಾರದೆ ಹೇಳಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಗಿರಿಜಮ್ಮ ಫೋನ್ ಕಿತ್ತುಕೊಂಡರು.

"ಹೇಳ್ಬೇಡಿ ಕಣಪ್ಪಾ. ಬೆಳಗಾದ್ರೆ ಎಲ್ರೂ ನಂಗೆ ಎಲ್ಲಾನೂ ವಿವರ್ಸಿ ಹೇಳ್ತಾನೇ ಇರ್ತಾರೆ. ಇದೊಂದು ಗೊತ್ತಿಲ್ದೇನೇ ಇರ್ಲಿ."

ಮುಂದಿನ ಭಾನುವಾರ ತಲಕಾಡಿನಲ್ಲಿ ಪ್ರದರ್ಶನ. ಆ ಮನೆಯ ಹುಡುಗಿಗೆ ಕಿವಿ ಕೇಳಿಸುವುದಿಲ್ಲವಂತೆ. ನಾನೋ ಅರ್ಧ ಜಾದೂವನ್ನು ಬಾಯಲ್ಲೇ ನಡೆಸುವವನು. ಈಗ ತುಟಿ ಬಿಗಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದೇನೆ. ಅಡುಗೆಮನೆಯಿಂದ ಇಣುಕಿದ ನನ್ನ ಹೆಂಡತಿ, "ಇದೇ ಚೆನ್ನಾಗಿದೆ, ದಿನಾ ಮಾಡಿ" ಎನ್ನುತ್ತಿದ್ದಾಳೆ.